ಪೇರನ್ಬು: ದೊಡ್ಡ ಪ್ರೀತಿ ಅಂದರೆ ಎಂಥ ಪ್ರೀತಿ?

ತಮಿಳುನಾಡಿನ ಎಷ್ಟೋ ಮದುವೆ ಕರೆಯೋಲೆಗಳು 'ಪೇರನ್ಬುಡೈಯೀರ್' ಎಂಬ ಮಾತಿನಿಂದ ಶುರುವಾಗುತ್ತವೆ. ನಮ್ಮ ಕರೆಯೋಲೆಗಳಲ್ಲಿ 'ಮಾನ್ಯರೇ' ಅಂತ ಇರುವ ಜಾಗ ಅದು. ಬಹಳ ಪ್ರೀತಿಯುಳ್ಳವರೇ ಅಂತ ಅರ್ಥ. ಅದನ್ನು ನಿಂತು ಓದುವವರು ಕಡಿಮೆ. ಮುಹೂರ್ತ ಎಷ್ಟು ಗಂಟೆಗೆ, ಛತ್ರ ಎಲ್ಲಿ ಅಂತ ಕಣ್ಣು ಸೀದಾ ಕೆಳಗಿಳಿಯುತ್ತದೆ. ಹೀಗೆ ಬಳಸಿ ಬಳಸಿ ಸವೆದ ಒಂದು ಪದವನ್ನು ತಮಿಳು ನಿರ್ದೇಶಕ ರಾಮ್ ತಮ್ಮ ಸಿನಿಮಾಕ್ಕೆ ಹೆಸರಾಗಿ ಇಟ್ಟರು. 'ಪೇರನ್ಬು' 2018ರ ಜನವರಿಯಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡಿತು. ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2019ರ ಫೆಬ್ರವರಿ 1ರಂದು. ಮಮ್ಮೂಟ್ಟಿ ಅದರಲ್ಲಿ ಅಪ್ಪ, ಸಾಧನಾ ಮಗಳು.

ಸಿನಿಮಾದ ಕಥೆ ಹೇಳದೆ ಈ ಪದವನ್ನು ಪರಿಚಯಿಸುವುದು ಕಷ್ಟ. ನೋಡದವರು ಮೊದಲು ನೋಡಿ ಬಂದು ಓದಿದರೆ ಒಳ್ಳೆಯದು.

ಮೊದಲು ಪದ. ಪೇರ್ ಮತ್ತು ಅನ್ಬು ಸೇರಿ ಪೇರನ್ಬು. ಅನ್ಬು ಅಂದರೆ ಪ್ರೀತಿ, ಅಕ್ಕರೆ. ಪೇರ್ ಅಂದರೆ ದೊಡ್ಡದು. ಇದು ನಮಗೆ ಹೊರಗಿನದೇನಲ್ಲ. ಹಳಗನ್ನಡದ 'ಪೇರಡವಿ'ಯಲ್ಲಿ ಇರುವುದು ಇದೇ ಪೇರ್. ಮುಂದೆ ಪಕಾರ ಹಕಾರವಾಗಿ ಹೆಮ್ಮರ, ಹೆಬ್ಬಾಗಿಲು, ಹೆದ್ದಾರಿಗಳಲ್ಲಿ ಉಳಿದುಕೊಂಡಿತು. ಹಾಗಾಗಿ 'ಹಿರಿದಾದ ಪ್ರೀತಿ' ಅಂದುಬಿಟ್ಟರೆ ಮುಗಿಯಿತು ಅನ್ನಿಸಬಹುದು. ಆದರೆ ತಮಿಳಿನಲ್ಲಿ ಈ ಪೇರ್ ಬರೀ ಗಾತ್ರ ಹೆಚ್ಚಿಸಿ ಸುಮ್ಮನಾಗುವುದಿಲ್ಲ. ಆಸೆಗೆ ಸೇರಿದರೆ 'ಪೇರಾಸೈ', ಅಂದರೆ ದುರಾಸೆ. ಮೇಷ್ಟರಿಗೆ ಸೇರಿದರೆ 'ಪೇರಾಸಿರಿಯರ್', ಅಂದರೆ ಪ್ರಾಧ್ಯಾಪಕ. ದುರಾಸೆ ಅಂದರೆ ಜಾಸ್ತಿ ಆಸೆ ಅಷ್ಟೇ ಅಲ್ಲ, ಅದರ ಬಣ್ಣವೇ ಬೇರೆ, ಅಲ್ವಾ? ಪೇರನ್ಬು ಕೂಡ ಹಾಗೆ. ಅನ್ಬನ್ನು ನಾಲ್ಕು ಪಾಲು ಹೆಚ್ಚಿಸಿದರೆ ಅದು ಸಿಗುವುದಿಲ್ಲ.

ಹಳೆಯ ತಮಿಳು ಚಿಂತನೆಯಲ್ಲಿ ಇದಕ್ಕೊಂದು ಹಿನ್ನೆಲೆ ಇದೆ. ತಿರುವಳ್ಳುವರ್ ಬರೆದ ತಿರುಕ್ಕುರಳಿನಲ್ಲಿ ಅನ್ಬಿಗೆ ಒಂದು ಅಧ್ಯಾಯ, ಅರುಳಿಗೆ ಇನ್ನೊಂದು. ಅನ್ಬು ನಂಟಿರುವವರ ಮೇಲೆ ಹುಟ್ಟುವುದು: ಮಗ, ಮಗಳು, ಹೆಂಡತಿ, ಗೆಳೆಯ. ಅರುಳ್ ಯಾವ ನಂಟೂ ನೋಡದೆ ಎಲ್ಲ ಜೀವಗಳ ಕಡೆಗೆ ಹರಿಯುವುದು. 757ನೆಯ ಕುರಳು, ಅಂದರೆ ಎರಡು ಸಾಲಿನ ಪದ್ಯ, ಇವೆರಡನ್ನು ಕೂಡಿಸುತ್ತದೆ. ಅರುಳ್ ಎಂಬುದು ಅನ್ಬು ಹೆತ್ತ ಕೂಸು, ಅದನ್ನು ಸಾಕುವುದು ಹಣ ಎಂಬ ದಾದಿ ಅನ್ನುತ್ತದೆ. ವಳ್ಳುವರ್ ಈ ಮಾತನ್ನು ಪ್ರೀತಿಯ ಅಧ್ಯಾಯದಲ್ಲಿ ಇಟ್ಟಿಲ್ಲ, ಸಂಪಾದನೆಯ ಅಧ್ಯಾಯದಲ್ಲಿ ಇಟ್ಟಿದ್ದಾರೆ. ಕೈಯಲ್ಲಿ ಕಾಸಿಲ್ಲದ ಕರುಣೆ ಎಷ್ಟು ದಿನ ಬದುಕೀತು ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ಈ ಸಿನಿಮಾದ ಅಪ್ಪನಿಗೆ ಆ ದಾದಿಯೂ ಕೊನೆತನಕ ಸಿಗುವುದಿಲ್ಲ.

ಅಪ್ಪನ ಹೆಸರು ಅಮುದವನ್. ಸುಮಾರು 10 ವರ್ಷ ಗಲ್ಫ್‌ನಲ್ಲಿ ದುಡಿದು ಊರಿಗೆ ಬರುತ್ತಾನೆ. ಭಟ್ಕಳ, ಮಂಗಳೂರು ಕಡೆಯವರಿಗೆ ಇಂಥ ಅಪ್ಪಂದಿರು ಹೊಸಬರಲ್ಲ. ದುಡ್ಡು ತಿಂಗಳು ತಿಂಗಳು ಬರುತ್ತದೆ, ಮನುಷ್ಯ ಯಾವಾಗಲೋ ರಜೆಗೆ ಬರುತ್ತಾನೆ. ಅಮುದವನ್ ಬರುವಷ್ಟರಲ್ಲಿ ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ. ಉಳಿದಿರುವುದು ಮಗಳು. ಅವಳಿಗೆ ಸೆರೆಬ್ರಲ್ ಪಾಲ್ಸಿ. ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಹುಟ್ಟಿದ ಸ್ವಲ್ಪ ದಿನಕ್ಕೆ ಮಿದುಳಿಗೆ ಪೆಟ್ಟಾದರೆ ಬರುವ ಸ್ಥಿತಿ ಇದು. ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಕೈಕಾಲು ಹೇಳಿದ ಮಾತು ಕೇಳುವುದಿಲ್ಲ, ಮಾತು ಹೊರಡುವುದು ಕಷ್ಟ. ಆದರೆ ಮಾತು ಬರದವರಿಗೆಲ್ಲ ತಿಳಿವಳಿಕೆ ಇಲ್ಲ ಅಂದುಕೊಳ್ಳುವುದು ತಪ್ಪು. ಬುದ್ಧಿಗೆ ಏನೂ ಆಗದೇ ಇರುವವರು ಇವರಲ್ಲಿ ಎಷ್ಟೋ ಮಂದಿ ಇದ್ದಾರೆ.

ಮಗಳನ್ನು ಕರೆಯುವುದು 'ಪಾಪ್ಪಾ' ಅಂತ. ತಮಿಳಿನಲ್ಲಿ ಅದು ನಮ್ಮ 'ಪಾಪು'. ಕನ್ನಡದ ಕಿವಿಗೆ ಮಾತ್ರ ಪ್ರತಿ ಸಲ 'ಪಾಪ' ಅಂತ ಕೇಳಿಸುತ್ತದೆ. ಈ ಸಿನಿಮಾ ಬೇಡ ಅನ್ನುವುದೇ ಆ 'ಅಯ್ಯೋ ಪಾಪ'ವನ್ನು. ಅಕ್ಕಪಕ್ಕದವರ ಗೊಣಗಾಟ ಜಾಸ್ತಿಯಾದಾಗ ಅಮುದವನ್ ಮಗಳನ್ನು ಕರೆದುಕೊಂಡು ಬೆಟ್ಟದ ಮೇಲೆ, ಕೆರೆ ಪಕ್ಕದ ಒಂಟಿ ಮನೆಗೆ ಹೋಗುತ್ತಾನೆ. ಚಿತ್ರೀಕರಣ ಕೊಡೈಕೆನಾಲ್ ಕಡೆ ನಡೆದಿದೆ. ತೇನಿ ಈಶ್ವರ್ ಅವರ ಕ್ಯಾಮೆರಾದಲ್ಲಿ ಆ ಮಂಜು, ಆ ನೀರು ಎಷ್ಟು ಚಂದ ಅಂದರೆ, ಇಲ್ಲಿ ಎಲ್ಲ ಸರಿಹೋಗುತ್ತದೆ ಅಂತ ನಮಗೇ ಅನ್ನಿಸಿಬಿಡುತ್ತದೆ. ಹೋಗುವುದಿಲ್ಲ. ಮಗಳಿಗೆ ಈ ಗಂಡಸು ಯಾರು ಅಂತಲೇ ಗೊತ್ತಿಲ್ಲ. ಅವಳ ಪಾಲಿಗೆ ಅಮ್ಮ ಕಾಣೆಯಾಗಿದ್ದಾಳೆ, ಯಾರೋ ಒಬ್ಬ ಮೈ ಮುಟ್ಟಲು ಬರುತ್ತಿದ್ದಾನೆ.

ಇಲ್ಲೊಂದು ಉದ್ದನೆಯ ದೃಶ್ಯ ಇದೆ. ಮಗಳನ್ನು ನಗಿಸಲು ಅಮುದವನ್ ಹಾಡುತ್ತಾನೆ, ಕುಣಿಯುತ್ತಾನೆ, ನಾಯಿ ಹಾಗೆ ಬೊಗಳುತ್ತಾನೆ. ಅವಳು ಒಲಿಯುವುದಿಲ್ಲ. ಬೇರೆ ಯಾವುದೇ ಸಿನಿಮಾ ಆಗಿದ್ದರೆ ಕೊನೆಗೆ ಒಂದು ಚೂರು ನಗು ಬಂದು, ಹಿನ್ನೆಲೆಯಲ್ಲಿ ಪಿಟೀಲು ಏಳುತ್ತಿತ್ತು. ಇಲ್ಲಿ ಅವನಿಗೆ ಸುಸ್ತಾಗುತ್ತದೆ, ಅಷ್ಟೇ. ಅಪ್ಪ ಅನ್ನಿಸಿಕೊಳ್ಳಲು ಹೆತ್ತದ್ದು ಸಾಲದು, ದುಡ್ಡು ಕಳಿಸಿದ್ದು ಸಾಲದು, ಬಂದು ಎದುರು ನಿಂತರೂ ಸಾಲದು. ಆ ಬೊಗಳುವ ಮನುಷ್ಯನನ್ನು ನೋಡುತ್ತಾ ಕೂತರೆ ಇದು ಒಂದೊಂದಾಗಿ ಅರಿವಿಗೆ ಬರುತ್ತದೆ. ಮಮ್ಮೂಟ್ಟಿಯಂಥ ದೊಡ್ಡ ನಟ ಇಷ್ಟೊಂದು ಹೊತ್ತು ಸೋಲುತ್ತಾ ನಿಲ್ಲಲು ಒಪ್ಪಿದ್ದೇ ನನಗೆ ಆಶ್ಚರ್ಯ.

ಹಾಗಾದರೆ ಪೇರನ್ಬು ಎಲ್ಲಿ ಬರುತ್ತದೆ? ಸಿನಿಮಾ ಅಧ್ಯಾಯಗಳಾಗಿ ಹಂಚಿಕೊಂಡಿದೆ. ಒಂದೊಂದಕ್ಕೂ ಒಂದೊಂದು ತಲೆಬರಹ, ಎಲ್ಲವೂ ಪ್ರಕೃತಿಯ ಮೇಲೆ. 'ಇಯರ್ಕೈ' ಅಂದರೆ ತಮಿಳಿನಲ್ಲಿ ಪ್ರಕೃತಿ. ಪ್ರಕೃತಿ ದ್ವೇಷ ಹುಟ್ಟಿಸುವಂಥದ್ದು, ಪ್ರಕೃತಿ ಕ್ರೂರವಾದದ್ದು ಅಂತ ಒಂದೊಂದಾಗಿ ಬಂದು, ಕಟ್ಟಕಡೆಗೆ 'ಪ್ರಕೃತಿ ಪೇರನ್ಬಾದದ್ದು' ಎನ್ನುತ್ತದೆ. ಇದನ್ನು ಗಮನಿಸದೆ ಹೋದವರೇ ಹೆಚ್ಚು. 'ಮಹಾ ಪ್ರೀತಿಯ ಅಪ್ಪ' ಅಂತ ಪೋಸ್ಟರ್ ನೋಡಿಯೇ ನಾವು ಅರ್ಥ ಮಾಡಿಕೊಂಡು ಒಳಗೆ ಹೋಗಿರುತ್ತೇವೆ. ಆದರೆ ತಲೆಬರಹ ಆ ಗುಣವನ್ನು ಅಪ್ಪನಿಗೆ ಕೊಡುವುದಿಲ್ಲ, ಪ್ರಕೃತಿಗೆ ಕೊಡುತ್ತದೆ. ಪ್ರಕೃತಿ ಅಂದರೆ ಆ ಕೆರೆ, ಆ ಮಂಜು ಮಾತ್ರವೂ ಅಲ್ಲ. ಮಗಳ ಸ್ನಾಯುಗಳು ಬಿಗಿದುಕೊಂಡಿರುವುದು ಪ್ರಕೃತಿ. ಅವಳು ದೊಡ್ಡವಳಾಗುವುದೂ ಪ್ರಕೃತಿ.

ದೊಡ್ಡವಳಾಗುವ ಆ ದಿನದಿಂದ ಸಿನಿಮಾ ಗಟ್ಟಿಯಾಗುತ್ತದೆ. ಪಾಪ್ಪಾಳಿಗೆ ಮುಟ್ಟು ಶುರುವಾಗುತ್ತದೆ. ಪ್ಯಾಡ್ ಬದಲಾಯಿಸಲು ಅಪ್ಪ ಹತ್ತಿರ ಬಂದರೆ ಬಿಡುವುದಿಲ್ಲ. ಸುತ್ತ ಒಬ್ಬ ಹೆಂಗಸಿಲ್ಲ. ಏಕಾಂತ ಬೇಕು ಅಂತ ಆರಿಸಿಕೊಂಡ ಮನೆಯೇ ಈಗ ಬಲೆಯಾಗುತ್ತದೆ. ಒಂಟಿತನದ ಬಗ್ಗೆ ನಾವು ಮಾತಾಡುವಾಗ ಬೇಸರ, ನೆನಪು, ಕಿಟಕಿ ಅಂತೆಲ್ಲ ಹೇಳುತ್ತೇವೆ. ಇಲ್ಲಿ ಒಂಟಿತನ ಅಂದರೆ ಒಂದು ಕೆಲಸಕ್ಕೆ ಇನ್ನೊಂದು ಕೈ ಇಲ್ಲದಿರುವುದು. ವಿಕಲಚೇತನ ಮಕ್ಕಳಿರುವ ಮನೆಗಳಲ್ಲಿ ಈ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 'ನಾವು ಹೋದ ಮೇಲೆ ಇವಳ ಗತಿ ಏನು' ಅನ್ನುವುದು ಅಲ್ಲಿ ದಿನದ ಮಾತು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ, ಸೆರೆಬ್ರಲ್ ಪಾಲ್ಸಿ ಇರುವವರಿಗೆ 18 ತುಂಬಿದ ಮೇಲೂ ಪೋಷಕರನ್ನು ನೇಮಿಸಲು ಜಿಲ್ಲೆಯ ಮಟ್ಟದ ಸಮಿತಿಗೆ ಅಧಿಕಾರ ಇದೆ. ಕಾಗದದ ಮೇಲೆ ಪೋಷಕರು ಸಿಗುತ್ತಾರೆ. ರಾತ್ರಿ ಬಚ್ಚಲಿಗೆ ಕರೆದುಕೊಂಡು ಹೋಗುವವರು ಬೇರೆ ಬೇಕು.

ಆಗ ವಿಜಿ ಬರುತ್ತಾಳೆ. ಅಂಜಲಿ ಮಾಡಿರುವ ಪಾತ್ರ. ಮನೆಗೆಲಸಕ್ಕೆ ಬಂದವಳು ಮಗಳಿಗೂ ಹತ್ತಿರವಾಗುತ್ತಾಳೆ, ಅಪ್ಪನಿಗೂ. ಆಮೇಲೆ ಅವಳು, ಅವಳ ಗಂಡ ಸೇರಿ ಆ ಮನೆಯನ್ನೇ ಮೋಸದಿಂದ ಕಿತ್ತುಕೊಳ್ಳುತ್ತಾರೆ. ಗೊತ್ತಾದಾಗ ಅಮುದವನ್ ಹರಿಹಾಯುವುದಿಲ್ಲ. ಅವಳಿಗೂ ಏನೋ ದೊಡ್ಡ ಕಷ್ಟ ಇದ್ದೀತು ಅಂದುಕೊಂಡು ಮಗಳ ಜೊತೆ ಹೊರಡುತ್ತಾನೆ. ಅನ್ಬು ಅರುಳಿನ ಕಡೆ ಮೊದಲ ಹೆಜ್ಜೆ ಇಡುವುದು ನನ್ನ ಪ್ರಕಾರ ಇಲ್ಲಿ. ಮಗಳ ಮೇಲಿನ ಅಕ್ಕರೆ ಅವನನ್ನು ಹುಲಿಯಾಗಿಸಬೇಕಿತ್ತು, ನಮ್ಮ ಸಿನಿಮಾಗಳ ರೂಢಿ ಅದು. ಬದಲಿಗೆ ಅದು ಮೋಸ ಮಾಡಿದವಳ ಕಷ್ಟವನ್ನೂ ಊಹಿಸುವಷ್ಟು ಅವನನ್ನು ಮೆತ್ತಗೆ ಮಾಡಿದೆ.

ಉಳಿದದ್ದು ಚೆನ್ನೈನಲ್ಲಿ, ಲಾಡ್ಜ್ ಕೋಣೆಯಲ್ಲಿ. ಮಗಳನ್ನು ಒಂದು ಆಶ್ರಯಧಾಮದಲ್ಲಿ ಬಿಟ್ಟು ನೋಡುತ್ತಾನೆ. ಅಲ್ಲಿ ಮಕ್ಕಳಿಗೆ ಏಟು ಬೀಳುವುದು ಕಂಡು ವಾಪಸ್ ಕರೆತರುತ್ತಾನೆ. ಹೆಂಡತಿಯ ಮನೆಗೂ ಹೋಗುತ್ತಾನೆ. ಅವಳಿಗೀಗ ಹೊಸ ಸಂಸಾರ, ಹಸುಗೂಸು. ಬಂದ ವಿಷಯ ಹೇಳದೆ ಎದ್ದು ಬರುತ್ತಾನೆ. ಇಷ್ಟರಲ್ಲಿ ಮಗಳ ದೇಹಕ್ಕೆ ಅದರದೇ ಬಯಕೆಗಳು ಹುಟ್ಟಿವೆ. ಅದು ಅಪ್ಪನ ಕಣ್ಣಿಗೆ ಬೀಳುತ್ತದೆ. ಮೊದಲು ಗಾಬರಿ. ಆಮೇಲೆ, ಇದೂ ಅವಳ ಹಸಿವೇ, ಬಾಯಾರಿಕೆಯೇ ಅನ್ನುವ ತಿಳಿವು. ಅವನು ಹೋಗಿ ಕೇಳಬಾರದ ಜಾಗದಲ್ಲಿ ಕೇಳಬಾರದ ಸಹಾಯ ಕೇಳುತ್ತಾನೆ, ಕೆನ್ನೆಗೆ ಹೊಡೆಸಿಕೊಂಡು ಬರುತ್ತಾನೆ.

ಈ ಭಾಗ ಹಲವರಿಗೆ ಸಹಿಸಲಾಗಲಿಲ್ಲ, ಅದು ಸಹಜ. ಅವನು ಮಾಡಲು ಹೊರಟದ್ದು ಸರಿ ಅಂತ ಸಿನಿಮಾ ಕೂಡ ಹೇಳುವುದಿಲ್ಲ. ಬಿದ್ದ ಏಟು ಅದಕ್ಕೇ. ಆದರೆ ಪದದ ಅರ್ಥಕ್ಕೆ ಇದೇ ಕೀಲಿ. ಮಗಳನ್ನು ಯಾವಾಗಲೂ ಕೂಸಾಗಿಯೇ ಇಟ್ಟುಕೊಳ್ಳುವ ಪ್ರೀತಿ ನಮಗೆಲ್ಲ ಗೊತ್ತು. ವಿಕಲಚೇತನರನ್ನಂತೂ 'ದೇವರ ಮಕ್ಕಳು' ಅಂದುಬಿಡುತ್ತೇವೆ. ಕೇಳಲು ಚಂದ. ಆದರೆ ದೇವರ ಮಕ್ಕಳಿಗೆ ವಯಸ್ಸಾಗುವುದಿಲ್ಲ, ಮೈ ಇರುವುದಿಲ್ಲ, ಬಯಕೆ ಇರುವುದಿಲ್ಲ. ಅಮುದವನ್‌ನ ಪ್ರೀತಿ ಬದಲಾಗುವುದು ಪಾಪ್ಪಾ ಪಾಪುವಲ್ಲ ಅಂತ ಒಪ್ಪಿಕೊಂಡ ಕ್ಷಣದಲ್ಲಿ. ತನ್ನ ಅನುಕೂಲಕ್ಕೆ ಅವಳನ್ನು ಚಿಕ್ಕವಳಾಗಿ ಇಟ್ಟುಕೊಳ್ಳದೆ, ತನಗೆ ಮುಜುಗರವಾದರೂ ಸರಿ, ಅವಳನ್ನು ಇಡಿಯಾಗಿ ನೋಡುವುದು. ಪೇರನ್ಬಿಗೆ ಇದಕ್ಕಿಂತ ಹತ್ತಿರದ ಅರ್ಥ ನನಗೆ ಸಿಕ್ಕಿಲ್ಲ.

ಇದು ಬಂದಮೇಲೂ ಬದುಕು ಹಸನಾಗುವುದಿಲ್ಲ. ಅವನು ಮಗಳನ್ನು ಎತ್ತಿಕೊಂಡು ಸಮುದ್ರಕ್ಕೆ ಇಳಿಯುತ್ತಾನೆ. ಕಾಪಾಡುವವಳು ಮೀರಾ. ಅವಳು 'ತಿರುನಂಗೈ', ಅಂದರೆ ಟ್ರಾನ್ಸ್ ಮಹಿಳೆ. ಪಾತ್ರ ಮಾಡಿದ ಅಂಜಲಿ ಅಮೀರ್ ಕೂಡ ಟ್ರಾನ್ಸ್ ಮಹಿಳೆಯೇ. 'ಪ್ರಕೃತಿ ಹೀಗೇಕೆ ಮಾಡಿತು' ಅನ್ನುವ ಮಾತನ್ನು ಪಾಪ್ಪಾಳಷ್ಟೇ ಕೇಳಿಸಿಕೊಂಡು ಬೆಳೆದಿರಬಹುದಾದವಳು. ಪ್ರಕೃತಿಯ ಪೇರನ್ಬು ಅವಳ ರೂಪದಲ್ಲಿ ಬರುತ್ತದೆ. ಮೂವರೂ ಒಂದು ಮನೆಯಾಗುತ್ತಾರೆ. ಇದು ತೀರಾ ಅನುಕೂಲದ ಅಂತ್ಯ ಅಂತ ಹೇಳಿದವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಅಪ್ಪನೊಬ್ಬನೇ ಎಲ್ಲವನ್ನೂ ಹೊತ್ತು ಗೆಲ್ಲುತ್ತಾನೆ ಅಂತ ತೋರಿಸಿದ್ದರೆ ಅದು ಅನುಕೂಲದ ಸುಳ್ಳಾಗುತ್ತಿತ್ತು. ಸಿಹಿ ಇದೆ, ಆದರೆ ಅದರ ಬೆಲೆ ಏನು ಅಂತ ನೋಡಿ ಬಂದಿದ್ದೇವೆ.

ರಾಮ್ ಇದಕ್ಕೂ ಮೊದಲು, 2013ರಲ್ಲಿ, 'ತಂಗ ಮೀನ್‌ಗಳ್' ಮಾಡಿದ್ದರು. ಅದೂ ಅಪ್ಪ ಮಗಳ ಕಥೆಯೇ, ಅಲ್ಲೂ ಮಗಳು ಸಾಧನಾ, ಅದಕ್ಕೆ ಬಾಲನಟಿಯಾಗಿ ರಾಷ್ಟ್ರಪ್ರಶಸ್ತಿ ಪಡೆದಿದ್ದರು. ಎರಡನ್ನೂ ಒಟ್ಟಿಗೆ ನೋಡಿದರೆ, ಅಲ್ಲಿನ ಅಪ್ಪನದು ಅನ್ಬು, ಇಲ್ಲಿನದು ಪೇರನ್ಬು ಅನ್ನಬಹುದು. ಅಲ್ಲಿ ಮಗಳು ಕೇಳಿದ್ದನ್ನು ತಂದುಕೊಡಲು ಅಪ್ಪ ಓಡುತ್ತಾನೆ. ಇಲ್ಲಿ ಮಗಳಿಗೆ ಕೇಳಲು ಬರುವುದಿಲ್ಲ.

ನನ್ನ ತಕರಾರು ಒಂದಿದೆ, ಅದೂ ಈ ಪದದ ಮೇಲೆಯೇ. ಇಷ್ಟೆಲ್ಲ ವಿಶಾಲವಾದ ಪ್ರೀತಿಯ ಬಗ್ಗೆ ಹೇಳುವ ಸಿನಿಮಾ ಹೆಂಡತಿಯನ್ನು ಬಯ್ಯುವುದಿಲ್ಲ ನಿಜ, ಆದರೆ ಅವಳ ಕಡೆಗೆ ತಿರುಗಿಯೂ ನೋಡುವುದಿಲ್ಲ. ಗಂಡ ಗಲ್ಫ್‌ನಲ್ಲಿದ್ದ ಅಷ್ಟೂ ವರ್ಷ ಪಾಪ್ಪಾಳಿಗೆ ಉಣ್ಣಿಸಿದ್ದು, ಸ್ನಾನ ಮಾಡಿಸಿದ್ದು, ಬಟ್ಟೆ ಬದಲಾಯಿಸಿದ್ದು, ನೆರೆಹೊರೆಯವರ ಮಾತು ಕೇಳಿಸಿಕೊಂಡದ್ದು ಅವಳೊಬ್ಬಳೇ. ಪ್ರಕೃತಿಯ ಹೆಸರಿನಲ್ಲಿ ಅಷ್ಟೊಂದು ಅಧ್ಯಾಯಗಳಿದ್ದರೂ ಆ ವರ್ಷಗಳಿಗೆ ಅಂತ ಒಂದೂ ಇಲ್ಲ.