ಅಲರ್ಟ್ ಇಲ್ಲದ ಮಳೆ, ಒಣಗದ ಅಡಿಕೆ

ನವೆಂಬರ್ ಕಡೆಯ ವಾರ. ಹವಾಮಾನದ ನಕ್ಷೆಯಲ್ಲಿ ಶಿವಮೊಗ್ಗ ಜಿಲ್ಲೆ ಹಸಿರಾಗಿಯೇ ಇರುತ್ತದೆ, ಅಂದರೆ ಎಚ್ಚರಿಕೆ ಏನೂ ಇಲ್ಲ. ಆದರೂ ತೀರ್ಥಹಳ್ಳಿ, ಹೊಸನಗರ, ಸಾಗರದ ಅಂಗಳಗಳಲ್ಲಿ ಬೇಯಿಸಿ ಹರವಿದ ಅಡಿಕೆ ಮೂರು ದಿನವಾದರೂ ಜಿಗುಟು ಬಿಟ್ಟಿರುವುದಿಲ್ಲ. ಮುನ್ಸೂಚನೆ ಸುಳ್ಳಾಯಿತು ಎಂದು ಬೈಯುವವರೇ ಹೆಚ್ಚು. ಅದು ಸುಳ್ಳಾಗಿರುವುದಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ‘ಭಾರಿ ಮಳೆ’ ಅಂದರೆ 24 ಗಂಟೆಯಲ್ಲಿ 64.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು. ಮಳೆಯ ಅಲರ್ಟ್ ಹೊರಡುವುದು ಹೆಚ್ಚಾಗಿ ಅದಕ್ಕೆ. 2.5ರಿಂದ 15.5 ಮಿ.ಮೀ. ಬಿದ್ದರೆ ಬರೀ ‘ಹಗುರ ಮಳೆ’. ಅಡಿಕೆ ಕೆಡಲು ಹಗುರ ಮಳೆಯೂ ಬೇಕಿಲ್ಲ, ಮೋಡ ಕವುಚಿಕೊಂಡರೆ ಸಾಕು. ಹಾಗಾಗಿ ಕೊನೆಕೊಯ್ಲಿನ (ಅಡಿಕೆ ಗೊನೆ ಇಳಿಸುವ) ಕಾಲದಲ್ಲಿ ಮಳೆ ಎಷ್ಟು ಎಂದು ಕೇಳುವುದಕ್ಕಿಂತ ಮೋಡ ಎಷ್ಟು ದಿನ ಎಂದು ಕೇಳುವುದು ಮೇಲು.

ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಗಾಳಿ ಪಶ್ಚಿಮದ ಕಡಿದಾದ ಘಟ್ಟಕ್ಕೆ ಬಡಿದು ಒಮ್ಮೆಲೇ ಮೇಲೇರುತ್ತದೆ. ಆಗುಂಬೆ, ಹುಲಿಕಲ್‌ನಲ್ಲಿ ಸುರಿದು, ಶಿಕಾರಿಪುರ ಮುಟ್ಟುವ ಹೊತ್ತಿಗೆ ಬಹುಪಾಲು ಬರಿದಾಗಿರುತ್ತದೆ. ಹಿಂಗಾರಿನ ಗಾಳಿ ಮೂಡಣದ್ದು, ಬಂಗಾಳ ಕೊಲ್ಲಿಯದ್ದು. ಆ ಕಡೆಯಿಂದ ನೋಡಿದರೆ ಮಲೆನಾಡು ನಿಧಾನವಾಗಿ ಏರುವ ನೆಲ. ಗಾಳಿಯನ್ನು ಎತ್ತಿ ಹಿಡಿಯುವ ಗೋಡೆ ಇಲ್ಲದ್ದರಿಂದ ಧೋ ಎಂದು ಸುರಿಯುವುದು ಕಡಿಮೆ. ತಗ್ಗಿನ ಮೋಡ ಹಾಸಿಕೊಂಡು ಜಿಟಿಜಿಟಿ ಹಿಡಿಯುತ್ತದೆ.

ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಕೇಳಿದ ಕೂಡಲೇ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನಿಗೆ ಬರಬೇಡ ಎಂದು ಹೇಳಿ ಕಳಿಸಬೇಕಿಲ್ಲ. ಅದು ಎಲ್ಲಿ ದಡ ಹತ್ತುತ್ತದೆ ಎಂದು ಮೊದಲು ನೋಡಬೇಕು. ಶಿವಮೊಗ್ಗ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಮ್ಮ ಗೋಳಾರ್ಧದಲ್ಲಿ ಕುಸಿತದ ಸುತ್ತ ಗಾಳಿ ಅಪ್ರದಕ್ಷಿಣವಾಗಿ ತಿರುಗುತ್ತದೆ. ಕೇಂದ್ರ ಚೆನ್ನೈ, ಪುದುಚೇರಿಯ ಕಡೆಯಿಂದ ಒಳಬಂದರೆ ನಾವು ಅದರ ಉತ್ತರಕ್ಕೆ ಬೀಳುತ್ತೇವೆ. ಕೊಲ್ಲಿಯ ಹಸಿ ಗಾಳಿ ನೇರ ನಮ್ಮತ್ತ. ಅದೇ ಆಂಧ್ರದ ಕರಾವಳಿಗೆ ತಿರುಗಿಕೊಂಡರೆ ನಮಗೆ ಸಿಗುವುದು ಉತ್ತರ, ವಾಯವ್ಯದ ನೆಲದ ಗಾಳಿ, ಅದು ಒಣದು. 2023ರ ಡಿಸೆಂಬರ್ 5ರಂದು ಬಾಪಟ್ಲ ಬಳಿ ದಡ ಸೇರಿದ ಮಿಚಾಂಗ್ ಚಂಡಮಾರುತದ ದಾರಿ ಇದು. 2024ರ ನವೆಂಬರ್ 30ರಂದು ಪುದುಚೇರಿ ಬಳಿ ಹತ್ತಿದ ಫೆಂಗಲ್ ಮೊದಲ ಬಗೆಯದು. ಅದು ಇನ್ನೊಂದು ಪಾಠವನ್ನೂ ಹೇಳಿತು: ಬಲ ಕಳೆದುಕೊಂಡ ಕುಸಿತ ನೆಲ ದಾಟಿ ಅರಬ್ಬಿ ಸಮುದ್ರಕ್ಕೆ ಇಳಿಯುವಾಗ ಕರಾವಳಿಗೂ ಘಟ್ಟಕ್ಕೂ ಎರಡನೇ ಕಂತಿನ ಮಳೆ ಬರುತ್ತದೆ. ‘ಚಂಡಮಾರುತ ಮುಗಿಯಿತು’ ಎಂಬ ಸುದ್ದಿ ನಂಬಿ ಅಡಿಕೆ ಹರವಿದರೆ ಕೆಡುವುದು ಇಲ್ಲೇ.

ಸುದ್ದಿಗೆ ಕಾಯದೆಯೂ ಅಂದಾಜು ಸಿಗುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕುಸಿತ ನಿಮ್ಮ ಎಡಗಡೆ ಇರುತ್ತದೆ; ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ 1857ರಲ್ಲಿ ಹೇಳಿದ ನಿಯಮ ಇದು. ಗುಡ್ಡ, ಕಣಿವೆ ಗಾಳಿಯ ದಿಕ್ಕು ತಪ್ಪಿಸುವ ನಮ್ಮಲ್ಲಿ ತೋಟದ ಗಾಳಿ ನಂಬಬೇಡಿ, ಗುಡ್ಡದ ತಲೆಗಿಂತ ಮೇಲೆ ಓಡುವ ಮೋಡ ನೋಡಿ. ಮೋಡ ಮೂಡಣದಿಂದ ಬರುತ್ತಿದ್ದರೆ ಕುಸಿತ ದಕ್ಷಿಣದಲ್ಲಿದೆ. ಜಡಿ ಇನ್ನೂ ಬಿಡುವುದಿಲ್ಲ. ದಕ್ಷಿಣದಿಂದ ಬರತೊಡಗಿದರೆ ಅದು ನಮ್ಮ ಪಶ್ಚಿಮಕ್ಕೆ ದಾಟಿದೆ ಎಂದರ್ಥ. ಎರಡನೇ ಕಂತಿಗೆ ಸಿದ್ಧರಾಗಿ.

ಕೃಷಿ ಹವಾಮಾನ ವರದಿ ಮಂಗಳವಾರ, ಶುಕ್ರವಾರ ಹೊರಡುತ್ತದೆ. ಅದರ ಐದು ದಿನದ ಕೋಷ್ಟಕದಲ್ಲಿ ಎಲ್ಲರ ಕಣ್ಣೂ ಮಳೆಯ ಸಾಲಿಗೆ ಹೋಗುತ್ತದೆ. ಕೆಳಗೆ ಮೋಡದ ಸಾಲಿದೆ, ಆಕ್ಟಾ ಲೆಕ್ಕದಲ್ಲಿ: 0 ಅಂದರೆ ಶುಭ್ರ, 8 ಅಂದರೆ ಪೂರ್ತಿ ಮುಚ್ಚಿದ ಆಕಾಶ. ಮೂರು ದಿನ ಸಾಲಾಗಿ 6ರ ಮೇಲಿದ್ದರೆ, ಮಳೆ ಸೊನ್ನೆ ಇದ್ದರೂ, ಕೊನೆ ಇಳಿಸುವುದನ್ನು ಮುಂದೆ ಹಾಕುವುದು ಜಾಣತನ. ಕೊನೆ ಮರದಲ್ಲೇ ನಾಲ್ಕು ದಿನ ಹೆಚ್ಚು ಇದ್ದರೆ ಕಾಯಿ ಸ್ವಲ್ಪ ಬಲಿಯಬಹುದು, ಸುಲಿದಿಟ್ಟ ಹಸಿ ಅಡಿಕೆಗೆ ಅಷ್ಟು ತಾಳ್ಮೆಯಿಲ್ಲ. ಉಷ್ಣಾಂಶದ ಎರಡು ಸಾಲುಗಳೂ ಇದನ್ನೇ ಹೇಳುತ್ತವೆ. ಶುಭ್ರ ದಿನ ಗರಿಷ್ಠ 30, ಕನಿಷ್ಠ 15ರ ಆಸುಪಾಸು. ಮೋಡ ಮುಚ್ಚಿದ ದಿನ 24 ಮತ್ತು 19. ಹಗಲು ಥಂಡಿ, ರಾತ್ರಿ ಮಾತ್ರ ಬೆಚ್ಚಗೆ. ಎರಡು ಅಂಕಿ ಹತ್ತಿರ ಬಂದಷ್ಟೂ ಬಿಸಿಲು ದೂರ.

ಈ ಆರು ಡಿಗ್ರಿಯ ವ್ಯತ್ಯಾಸ ಒಣಗಿಸುವವರಿಗೆ ದುಬಾರಿ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿಯುತ್ತದೆ, 20 ಡಿಗ್ರಿಯಲ್ಲಿ 17 ಗ್ರಾಂ ಮಾತ್ರ. ಜಡಿಯ ದಿನ ಆ ಜಾಗ ಮೊದಲೇ ತುಂಬಿರುತ್ತದೆ. ಅಡಿಕೆಯ ನೀರಿಗೆ ಹೋಗಲು ದಾರಿಯಿಲ್ಲ. ಅಡಿಕೆ ಬೇಯಿಸಿದ ಕಂದು ರಸ, ಅಂದರೆ ಚೊಗರು, ಹೊರಮೈಯಲ್ಲಿ ಅಂಟಾಗಿ ಉಳಿಯುತ್ತದೆ, ಎರಡು ಮೂರು ದಿನಕ್ಕೆ ಬೂಷ್ಟು, ಬಣ್ಣವೂ ಮಂಕು. ಬೆಂಕಿಯ ಉಪಯೋಗ ಇಲ್ಲಿದೆ: 20 ಡಿಗ್ರಿಯ ತೊಯ್ದ ಗಾಳಿಯನ್ನೇ 40ಕ್ಕೆ ಕಾಯಿಸಿದರೆ ಸಾಪೇಕ್ಷ ತೇವಾಂಶ ನೂರರಿಂದ ಸುಮಾರು ಮೂವತ್ತಕ್ಕೆ ಇಳಿಯುತ್ತದೆ. ಆದರೆ ಆ ಗಾಳಿ ಹೊರಹೋಗಬೇಕು. ಪ್ಲಾಸ್ಟಿಕ್ ಹೊದಿಸಿದ ಡ್ರೈಯರ್ ಮನೆಗಳಲ್ಲಿ ಹೆಚ್ಚಾಗಿ ಆಗುವ ತಪ್ಪು, ‘ಬಿಸಿ ಹೋದೀತು’ ಎಂದು ಮೇಲಿನ ಕಿಂಡಿ ಮುಚ್ಚುವುದು. ಸಂಜೆ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿ, ಬೆಳಗಿನ ಹೊತ್ತಿಗೆ ಅದೇ ನೀರು ಅಡಿಕೆಯ ಮೇಲೆ ತೊಟ್ಟಿಕ್ಕುತ್ತದೆ. ಕೆಳಗೊಂದು, ಮೇಲೊಂದು ಕಿಂಡಿ ತೆರೆದಿಡಿ. ತಟ್ಟಿಯ ಮೇಲೆ ಒಂದೇ ಪದರ ಹರವಿ. ಜಾಗ ಸಾಲದೆಂದು ರಾಶಿ ಹಾಕಬೇಡಿ.

ಭತ್ತದ ಮಾತು ಚಿಕ್ಕದು. ನಿಂತ ಪೈರಿಗಿಂತ ಕೊಯ್ದು ಗದ್ದೆಯಲ್ಲಿ ಬಿಟ್ಟ ಪೈರಿಗೆ ಅಪಾಯ ಹೆಚ್ಚು, ತೆನೆಯಲ್ಲೇ ಮೊಳಕೆ ಬರುತ್ತದೆ. ತೇವ 14 ಶೇಕಡಾಕ್ಕೆ ಇಳಿಯುವವರೆಗೆ ಚೀಲ ಕಟ್ಟಬೇಡಿ.

ಹೊಳವಾದ ಮೊದಲ ಬೆಳಿಗ್ಗೆಯನ್ನೂ ಲೆಕ್ಕದಲ್ಲಿ ಹಿಡಿಯಬೇಡಿ. ರಾತ್ರಿ ಆಕಾಶ ತೆರೆದುಕೊಂಡು, ತೊಯ್ದ ನೆಲ ತಣ್ಣಗಾಗಿ, ಕಣಿವೆಯ ತೋಟಗಳಲ್ಲಿ ಮಂಜು ಒಂಬತ್ತು, ಹತ್ತು ಗಂಟೆಯವರೆಗೂ ನಿಲ್ಲುತ್ತದೆ. ಹಗಲೇ ಹನ್ನೊಂದೂಕಾಲು ಗಂಟೆಯಷ್ಟಿರುವ ಕಾಲದಲ್ಲಿ ಕೈಗೆ ಸಿಗುವುದು ಐದಾರು ಗಂಟೆಯ ಬಿಸಿಲು. ಮಂಜು ಆರಿದ ಮೇಲೆ ಅಡಿಕೆ ಹರವಿ, ನಾಲ್ಕೂವರೆಯೊಳಗೆ ಎತ್ತಿ ಮುಚ್ಚಿ.