ತಾಳವಾಡಿ ಬೆಟ್ಟದ ಕಲ್ಲು ಎಷ್ಟು ಆಳದ್ದು?

ಚಿತ್ರದುರ್ಗದಿಂದ ಹೊರಟು ಕನಕಪುರ, ಕೊಳ್ಳೇಗಾಲ, ಚಾಮರಾಜನಗರ ದಾಟಿ ನಮ್ಮ ತಾಳವಾಡಿಗೆ ಬಂದರೆ ನೀವು ಬರೀ ದಕ್ಷಿಣಕ್ಕೆ ಬಂದಿರುವುದಿಲ್ಲ, ಭೂಮಿಯ ಒಳಕ್ಕೂ ಇಳಿದಿರುತ್ತೀರಿ. ಕಾಲ ಕೆಳಗಿನ ಕಲ್ಲಿನ ಲೆಕ್ಕದಲ್ಲಿ ಹೇಳುತ್ತಿದ್ದೇನೆ. ಆ ಕಡೆ ಸಿಗುವುದು ಅಷ್ಟೇನೂ ಆಳವಲ್ಲದ ಜಾಗದಲ್ಲಿ ಬೆಂದ ಕಲ್ಲು. ಈ ಕಡೆ ಬಂದಷ್ಟೂ ಜಾಸ್ತಿ ಆಳದಲ್ಲಿ, ಜಾಸ್ತಿ ಬಿಸಿಯಲ್ಲಿ ಬೆಂದದ್ದು. ದಪ್ಪ ಹಲಗೆಯ ಒಂದು ತುದಿ ಎತ್ತಿ ಮೇಲಿನದನ್ನೆಲ್ಲ ಹೆರೆದು ತೆಗೆದ ಹಾಗೆ ಇಡೀ ನೆಲ ಓರೆಯಾಗಿ ಎದ್ದು ಸವೆದಿದೆ. ಈರೋಡ್ ಜಿಲ್ಲೆಯ ಈ ಕನ್ನಡದ ಮೂಲೆಯಲ್ಲಿ ನಮಗೆ ಕಾಣುವುದು ಅದರ ತಳಭಾಗ.

ಆ ಕಲ್ಲು ಚಾರ್ನೊಕೈಟ್. ಬಿಳಿಗಿರಿರಂಗನ ಬೆಟ್ಟ, ನೀಲಗಿರಿ ಹೆಚ್ಚಾಗಿ ಇದೇ. ಹೊರಗೆ ಮಳೆ ಬಿಸಿಲಿಗೆ ಕಂದು ಬಣ್ಣ ಹತ್ತಿರುತ್ತದೆ. ಒಡೆದರೆ ಒಳಗೆ ಹಸಿರು ಬೆರೆತ ಕಪ್ಪು, ಒಂಥರಾ ಎಣ್ಣೆ ಹೊಳಪು. ಕಣ್ಣಿಗೆ ಹತ್ತಿರ ಹಿಡಿದರೆ ಬೆಣಚುಕಲ್ಲಿನ ಹರಳು ಎಷ್ಟೋ ಸಲ ನಸುನೀಲಿ, ನಡುನಡುವೆ ಪೈರಾಕ್ಸೀನ್ ಎಂಬ ಖನಿಜದ ಕಂದುಗಪ್ಪು ಚುಕ್ಕೆ. ನೋಡಬೇಕಾದ್ದು ಈ ಚುಕ್ಕೆಯನ್ನೇ. ಮಾಮೂಲಿ ಗ್ರಾನೈಟ್‌ನಲ್ಲಿ, ನೈಸ್ (gneiss) ಎಂಬ ಪಟ್ಟೆಪಟ್ಟೆ ಕಲ್ಲಿನಲ್ಲಿ ಆ ಜಾಗದಲ್ಲಿ ಕಾಗೆಬಂಗಾರವೋ ಹಾರ್ನ್‌ಬ್ಲೆಂಡ್ ಎಂಬ ಕಪ್ಪು ಖನಿಜವೋ ಇರುತ್ತದೆ, ಅವುಗಳ ಹರಳಿನೊಳಗೇ ಸ್ವಲ್ಪ ನೀರು ಸೇರಿಕೊಂಡಿರುತ್ತದೆ. 20 ಕಿಲೋಮೀಟರಿಗೂ ಮೀರಿದ ಆಳದಲ್ಲಿ, 700 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಆ ನೀರು ಹೊರಟುಹೋಗಿ ಪೈರಾಕ್ಸೀನ್ ಹುಟ್ಟುತ್ತದೆ. ನಮ್ಮ ಬೆಟ್ಟಗಳಲ್ಲಿ ಇದು ನಡೆದು ಸುಮಾರು 250 ಕೋಟಿ ವರ್ಷವಾಯಿತು.

ಈ ಬದಲಾವಣೆ ಅರ್ಧಕ್ಕೇ ನಿಂತಿರುವುದನ್ನು ನೋಡಬೇಕಾದರೆ ಕನಕಪುರದ ಹತ್ತಿರದ ಕಬ್ಬಾಳದುರ್ಗಕ್ಕೆ ಹೋಗಬೇಕು. ಅಲ್ಲಿನ ಕ್ವಾರಿಯಲ್ಲಿ ಬೂದು ಪಟ್ಟೆಯ ನೈಸ್ ಮೇಲೆ ಚಾರ್ನೊಕೈಟಿನ ಕಪ್ಪು ಮಚ್ಚೆಗಳಿವೆ. ನೈಸಿನ ಪಟ್ಟೆ ಮಚ್ಚೆಯ ಅಂಚಿಗೆ ಬಂದು ಮಸುಕಾಗಿ ಅಳಿಸಿಹೋಗುತ್ತದೆ. ಕೆಳಗಿನಿಂದ ಬಿರುಕುಗುಂಟ ನುಗ್ಗಿದ ಇಂಗಾಲದ ಡೈಆಕ್ಸೈಡ್ ನೀರನ್ನು ಓಡಿಸಿತು ಎಂದು ಹಲವು ಭೂವಿಜ್ಞಾನಿಗಳು ಹೇಳುತ್ತಾರೆ. ಹೊರದೇಶದವರೂ ಬಂದು ಅಧ್ಯಯನ ಮಾಡಿರುವ ಜಾಗ ಇದು, ನಮ್ಮ ಮಕ್ಕಳಿಗೂ ತೋರಿಸಬೇಕು ಅಲ್ವಾ?

ಚಾರ್ನೊಕೈಟ್ ಸುಲಭಕ್ಕೆ ಸವೆಯುವ ಕಲ್ಲಲ್ಲ. ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರ್ ಎತ್ತರಕ್ಕೆ ನಿಂತಿರುವುದರಲ್ಲಿ ಈ ಗಟ್ಟಿತನದ ಪಾಲೂ ಇದೆ. ಹಾಗಾದರೆ ದಿಂಬಂ ಘಾಟಿಯ 27 ತಿರುವು ಇಳಿಯುವಾಗ ಕಾಣುವ ಮೋಯಾರ್ ಕಣಿವೆ ಅಷ್ಟು ಆಳ ಯಾಕೆ? ನೀಲಗಿರಿಯ ನೆಲ, ಮೈಸೂರು ಸೀಮೆಯ ನೆಲ ಒಂದನ್ನೊಂದು ಉಜ್ಜಿಕೊಂಡು ಜರುಗಿದ ಗೆರೆ ಅದು. ಅಲ್ಲಿ ಕಲ್ಲು ನುರಿದು ಪದರ ಪದರವಾಗಿದೆ, ಕೊರೆಯಲು ನದಿಗೆ ಅದೇ ಸುಲಭ. ಹಾಗಾಗಿ ಮೋಯಾರ್ ಹೊಳೆ ಬಹುದೂರ ಆ ಗೆರೆಗುಂಟವೇ ಹರಿದು ಭವಾನಿಯನ್ನು ಸೇರುತ್ತದೆ.