ಗುದ್ದಿ ಇಳಿದ ಆರ್‌ಸಿ ವಿಮಾನ: ಪೆಟ್ಟು ಎಲ್ಲಿಂದ ಎಲ್ಲಿಗೆ ಹೋಗುತ್ತದೆ?

ಕೊಯ್ಲಾದ ರಾಗಿ ಹೊಲದಲ್ಲಿ ಇಳಿಯಬೇಕಿದ್ದ ಒಂದು ಕೆ.ಜಿ. ತೂಕದ ಆರ್‌ಸಿ ವಿಮಾನ (ನೆಲದಿಂದ ರೇಡಿಯೊ ಮೂಲಕ ಹಾರಿಸುವ ಪುಟ್ಟ ವಿಮಾನ) ಬದುವಿಗೆ ಮೂಗು ಗುದ್ದಿ ನಿಂತಿದೆ ಎಂದುಕೊಳ್ಳಿ. ವೇಗ ಸೆಕೆಂಡಿಗೆ 8 ಮೀಟರ್. ಮೂಗಿನ ಫೋಮ್ 5 ಸೆಂ.ಮೀ. ಒಳಕ್ಕೆ ಕುಸಿದು ಆ ವೇಗವನ್ನೆಲ್ಲ ನುಂಗಿದೆ. ಅಷ್ಟೇ ದೂರದಲ್ಲಿ ನಿಲ್ಲಬೇಕಾದರೆ ವಿಮಾನದ ಒಂದೊಂದು ಭಾಗದ ಮೇಲೂ ಅದರ ತೂಕದ ಸುಮಾರು 65 ಪಟ್ಟು ಬಲ ಬೀಳುತ್ತದೆ. 180 ಗ್ರಾಂ ಬ್ಯಾಟರಿ ಆ ಒಂದು ಕ್ಷಣಕ್ಕೆ ಹನ್ನೆರಡು ಕೆ.ಜಿ. ಕಲ್ಲಾಗಿ ಮುಂದಕ್ಕೆ ನುಗ್ಗಿ, ಮೋಟರ್ ಕೂರಿಸಿದ ಪ್ಲೈವುಡ್ ಗೋಡೆಗೆ ಬಡಿಯುತ್ತದೆ. ರೆಕ್ಕೆ ತನ್ನ ಬೋಲ್ಟುಗಳನ್ನು ಎಳೆದುಕೊಂಡು ಮುಂದೆ ಹೋಗಲು ನೋಡುತ್ತದೆ. ಬಾಲ ಚಾಟಿಯಂತೆ ಬೀಸುತ್ತದೆ, ರೆಕ್ಕೆಯ ಹಿಂದೆ ಒಡಲು ಸೀಳುವುದು ಅದರಿಂದಲೇ.

ಹಾಗಾಗಿ ಮುರಿದ ಮೂಗನ್ನು ಅಂಟಿಸಿ ಮರುದಿನವೇ ಹಾರಿಸುವವರು ಮತ್ತೆ ಬೀಳಿಸುತ್ತಾರೆ. ಕಣ್ಣಿಗೆ ಬಿದ್ದ ಮುರಿತ ಒಂದಾದರೆ, ಬಲ ಹರಿದುಹೋದ ದಾರಿಯಲ್ಲಿ ಇನ್ನೂ ಎರಡು ಮೂರು ಇರುತ್ತವೆ. ಪ್ರೊಪೆಲ್ಲರ್, ಮೋಟರ್ ಶಾಫ್ಟ್, ಪ್ಲೈವುಡ್ ಗೋಡೆ, ಬ್ಯಾಟರಿ, ರೆಕ್ಕೆಯ ಬುಡ, ಬಾಲ: ಹುಡುಕಬೇಕಾದದ್ದು ಈ ದಾರಿಯಲ್ಲೇ.

ನಮ್ಮ ಊರುಗಳಲ್ಲಿ ಪೆಟ್ಟು ಇನ್ನೂ ಸ್ವಲ್ಪ ಜೋರು. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿವೆ. ಇಲ್ಲಿ 30 ಡಿಗ್ರಿ ಬಿಸಿಲಿನ ಮಧ್ಯಾಹ್ನದ ಗಾಳಿ, ಸಮುದ್ರಮಟ್ಟದ 15 ಡಿಗ್ರಿ ಗಾಳಿಗಿಂತ ಸುಮಾರು ಶೇ 15ರಷ್ಟು ತೆಳು. ತೆಳುವಾದ ಗಾಳಿಯಲ್ಲಿ ಅದೇ ರೆಕ್ಕೆ ಅದೇ ತೂಕವನ್ನು ಹೊರಬೇಕಾದರೆ ಶೇ 8–9 ಹೆಚ್ಚು ವೇಗ ಬೇಕು. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ನೆಲಕ್ಕೆ ಬಡಿಯುವ ಶಕ್ತಿ ಶೇ 18ರ ಆಸುಪಾಸು ಹೆಚ್ಚುತ್ತದೆ. ಕರಾವಳಿಯಲ್ಲಿ ಮೆತ್ತಗೆ ಇಳಿಯುತ್ತಿದ್ದ ವಿಮಾನ ಇಲ್ಲಿ ಒರಟಾಗಿ ಇಳಿದರೆ ಹಾರಿಸುವವರ ಕೈಯನ್ನೇ ದೂರಬೇಕಿಲ್ಲ.

ಬಿದ್ದ ಜಾಗದಲ್ಲಿ ಮೊದಲ ಕೆಲಸ ಬ್ಯಾಟರಿ ಬಿಡಿಸುವುದು. ಅಲ್ಲಿಯವರೆಗೂ ಕೈಯಲ್ಲಿರುವ ನಿಯಂತ್ರಕವಾದ ಟ್ರಾನ್ಸ್‌ಮಿಟರ್ ಆರಿಸಬೇಡಿ, ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಸೊನ್ನೆಯಲ್ಲೇ ಇರಲಿ. ಆಮೇಲೆ ಫೋಮಿನ ಪುಡಿ ಚೂರನ್ನೂ ಬಿಡದೆ ಆಯ್ದುಕೊಳ್ಳಿ. ಮುರಿದ ಅಂಚುಗಳು ಒಂದಕ್ಕೊಂದು ಹಲ್ಲು ಕೂಡಿಕೊಂಡರೆ ರೆಕ್ಕೆ ತಾನೇ ನೇರಕ್ಕೆ ಬರುತ್ತದೆ, ಒಂದು ಚೂರು ಕಳೆದರೂ ಆ ಜಾಗಕ್ಕೆ ಅಂಟು ತುಂಬಬೇಕಾಗುತ್ತದೆ.

ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ಒಳಗೆ ಎರಡು ವಿದ್ಯುದ್ವಾರಗಳನ್ನು ಬೇರೆಯಾಗಿ ಇಟ್ಟಿರುವುದು ಕಾಗದಕ್ಕಿಂತ ತೆಳುವಾದ ಒಂದು ಪೊರೆ. ಮೂಲೆ ಜಜ್ಜಿದರೆ ಪೊರೆ ಹರಿದು ಒಳಗೇ ಶಾರ್ಟ್ ಆಗಬಹುದು, ಬೆಂಕಿ ತಕ್ಷಣವೇ ಹತ್ತಬೇಕೆಂದಿಲ್ಲ. ಪೆಟ್ಟು ತಿಂದ ಬ್ಯಾಟರಿಯನ್ನು ಕಾರಿನೊಳಗೆ ಇಡಬೇಡಿ. ಒಣಹುಲ್ಲಿಲ್ಲದ ಬರಿ ನೆಲದಲ್ಲೋ ಮರಳಿನ ಮೇಲೋ ಇಟ್ಟು, ಕನಿಷ್ಠ ಅರ್ಧ ಗಂಟೆ ದೂರದಿಂದ ಕಾಯಿರಿ. ಊದಿದ್ದರೆ, ಸಿಹಿಯಾದ ದ್ರಾವಕದ ವಾಸನೆ ಬಂದರೆ, ಮೂಲೆ ತಗ್ಗಾಗಿದ್ದರೆ, ಇಲ್ಲವೇ ಒಂದು ಸೆಲ್ಲಿನ ವೋಲ್ಟೇಜ್ ಮಾತ್ರ ಉಳಿದವುಗಳಿಗಿಂತ ಇಳಿಯುತ್ತ ಹೋದರೆ ಅದನ್ನು ಮತ್ತೆ ಚಾರ್ಜ್ ಮಾಡಬಾರದು.

ಪ್ರೊಪೆಲ್ಲರ್ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿದ್ದರೂ ಹೊಸದನ್ನೇ ಹಾಕಿ. ಕಾರಣ ಲೆಕ್ಕದಲ್ಲಿದೆ. 10 ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 8,000 ಸುತ್ತು ತಿರುಗುವಾಗ ಅದರ ತುದಿ ಗಂಟೆಗೆ ಸುಮಾರು 380 ಕಿ.ಮೀ. ವೇಗದಲ್ಲಿರುತ್ತದೆ. ಆ ತುದಿಯ ಒಂದು ಗ್ರಾಂ ಹೊರಕ್ಕೆ ಎಳೆಯುವ ಬಲ ಸುಮಾರು 9 ಕೆ.ಜಿ. ತೂಕಕ್ಕೆ ಸಮ. ಬರೀ 0.1 ಗ್ರಾಂ ಕಡಿಮೆಯಾದರೂ 900 ಗ್ರಾಂ ತೂಕದಷ್ಟು ಬಲ ಸೆಕೆಂಡಿಗೆ 133 ಬಾರಿ ದಿಕ್ಕು ಬದಲಿಸುತ್ತ ಮೋಟರನ್ನು ಜಗ್ಗುತ್ತದೆ. ಹೊಸದಾಗಿ ಅಂಟಿಸಿದ ಮೂಗನ್ನು ಬಿಡಿಸಲು ಅಷ್ಟು ಸಾಕು.

ಪ್ರೊಪೆಲ್ಲರ್ ಬಿಚ್ಚಿದ ಮೇಲೆ ಶಾಫ್ಟಿನ ತುದಿಗೆ ತಾಗಿಯೂ ತಾಗದಂತೆ ಪೆನ್ಸಿಲ್ ಮೊನೆ ಹಿಡಿದು ಮೋಟರನ್ನು ಕೈಯಲ್ಲೇ ನಿಧಾನ ತಿರುಗಿಸಿ. ನಡುವಿನ ಸಂದು ಹಿಗ್ಗಿ ಕುಗ್ಗಿದರೆ ಶಾಫ್ಟ್ ಬಾಗಿದೆ, ಬದಲಿಸಬೇಕು. ತಿರುಗುವಾಗ ಕರಕರ ಎಂದರೆ ಒಳಗೆ ಮಣ್ಣು ಸೇರಿದೆ. ಕೆಮ್ಮಣ್ಣಿನಲ್ಲಿರುವ ಕಪ್ಪು ಕಬ್ಬಿಣದ ಮರಳು ಮೋಟರಿನ ಆಯಸ್ಕಾಂತಗಳಿಗೆ ಕಚ್ಚಿಕೊಳ್ಳುತ್ತದೆ, ಊದಿದರೆ ಹೋಗುವುದಿಲ್ಲ. ಸೆಲೋಟೇಪನ್ನು ಸಣ್ಣ ಪಟ್ಟಿ ಮಾಡಿ, ಅಂಟಿನ ಬದಿಯನ್ನು ಆಯಸ್ಕಾಂತಕ್ಕೆ ಒತ್ತಿ ಒತ್ತಿ ಎತ್ತಬೇಕು.

ಮೂಗಿನ ಫೋಮ್ ಇಪಿಒ (ಥರ್ಮಾಕೋಲಿಗಿಂತ ಗಟ್ಟಿಮುಟ್ಟಾದ, ಬಗ್ಗುವ ಫೋಮ್) ಜಾತಿಯದಾಗಿದ್ದರೆ ಅಂಟಿಗಿಂತ ಮೊದಲು ಬಿಸಿನೀರು. ಎಲೆಕ್ಟ್ರಾನಿಕ್ಸ್ ಎಲ್ಲ ತೆಗೆದು, ಕುದಿಯುವ ನೀರನ್ನು ತಗ್ಗಿನ ಮೇಲೆ ನಾಲ್ಕೈದು ಸೆಕೆಂಡು ಸುರಿದು ನಿಲ್ಲಿಸಿ, ನೋಡಿ, ಮತ್ತೆ ಸುರಿಯಿರಿ. ಫೋಮಿನ ಗುಳ್ಳೆಗಳ ಗೋಡೆ ಬಿಸಿಗೆ ಮೆತ್ತಗಾಗುತ್ತದೆ, ಒಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ನಜ್ಜುಗುಜ್ಜಾದ ಮೂಗು ಕಣ್ಣೆದುರೇ ಉಬ್ಬಿ ಬರುವುದು ನೋಡಲು ಚೆಂದ. ಒಂದೇ ಸಲ ಹೆಚ್ಚು ಕಾಯಿಸಿದರೆ ಮೈ ಮೇಲೆ ಬೊಕ್ಕೆಗಳೇಳುತ್ತವೆ. ಬಿಳಿ ಥರ್ಮಾಕೋಲಿಗೆ ಈ ಉಪಾಯ ಮಾಡಬೇಡಿ, ಅದು ಬೇಗ ಮುದುಡುತ್ತದೆ.

ಥರ್ಮಾಕೋಲಿನ ಇನ್ನೊಂದು ಶತ್ರು ಫೆವಿಕ್ವಿಕ್ ಥರದ ಅಂಟು, ಹಚ್ಚಿದಲ್ಲೇ ಗುಂಡಿ ಬೀಳುತ್ತದೆ. ಅದಕ್ಕೆ ಐದು ನಿಮಿಷದ ಎಪಾಕ್ಸಿಯೇ ಸರಿ. ರಾಳ, ಹಾರ್ಡನರ್ ಎರಡನ್ನೂ ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲೇ ಬೆರೆಸಿ, ಸಾಮಾನ್ಯವಾಗಿ ಸಮಸಮ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆಂಬುದು ತಪ್ಪು ನಂಬಿಕೆ: ರಾಳದ ಅಣುಗಳಿಗೆ ಜೋಡಿಯಾಗಿ ಮಿಕ್ಕ ಹಾರ್ಡನರ್ ಹಾಗೇ ಉಳಿದು ಬೆಸುಗೆ ರಬ್ಬರಿನಂತಾಗುತ್ತದೆ. ಡಿಸೆಂಬರಿನ ಚಿಕ್ಕಮಗಳೂರಿನ ಚಳಿಯಲ್ಲಿ ಐದು ನಿಮಿಷ ಹತ್ತು ಹದಿನೈದಾಗಬಹುದು, ಪೂರ್ತಿ ಬಲ ಬರಲು ಒಂದು ರಾತ್ರಿ ಬಿಡಿ.

ಎರಡು ಅಂಚುಗಳನ್ನು ಬರೀ ಮುಖಕ್ಕೆ ಮುಖ ಅಂಟಿಸಿದ ರೆಕ್ಕೆ ನಿಲ್ಲುವುದಿಲ್ಲ. ಅಂಟಿಗೆ ಜಾರುವ ಎಳೆತವನ್ನು ತಡೆಯುವ ಶಕ್ತಿ ಚೆನ್ನಾಗಿದೆ, ಸುಲಿಯುವ ಎಳೆತಕ್ಕೆ ಅದು ಬೇಗ ಸೋಲುತ್ತದೆ. ಆದ್ದರಿಂದ ಮುರಿತದ ಎರಡೂ ಕಡೆಗೆ ಹತ್ತು ಹತ್ತು ಸೆಂ.ಮೀ. ಹೋಗುವಂತೆ ಸಣ್ಣ ತೋಡು ಕೊರೆದು ಕಾರ್ಬನ್ ಕಡ್ಡಿ ಕೂರಿಸಬೇಕು. ಕಾರ್ಬನ್ ಸಿಗದಿದ್ದರೆ ಮಲೆನಾಡಿನಲ್ಲಿ ಬಿದಿರಿಗೇನು ಬರ? ಒಣಗಿದ ಬಿದಿರಿನ ಹೊರಸಿಪ್ಪೆಯ ಕಡೆಯಿಂದ 3 ಮಿ.ಮೀ. ಸೀಳು ತೆಗೆದು ಬಳಸಿ, ನಾರು ದಟ್ಟವಾಗಿರುವುದು ಅಲ್ಲೇ. ಮೇಲೆ ನಾರಿನ ಟೇಪನ್ನು ರೆಕ್ಕೆಯ ಎರಡೂ ಮೈಗೆ ಹಚ್ಚಿ. ಹಾರುವಾಗ ರೆಕ್ಕೆಯ ಕೆಳಮೈ ಎಳೆತದಲ್ಲಿರುತ್ತದೆ, ನೆಲಕ್ಕೆ ಕುಕ್ಕಿದಾಗ ಮೇಲ್ಮೈ. ತುಂಬ ಹಗುರವಾದ ಬಾಲ್ಸಾ ಮರದ ವಿಮಾನವಾದರೆ ಮುರಿದ ತುದಿಗಳನ್ನು ಓರೆಯಾಗಿ ಕತ್ತರಿಸಿ: 3 ಮಿ.ಮೀ. ಹಲಗೆಗೆ 24 ಮಿ.ಮೀ. ಉದ್ದದ ಓರೆ.

ರೆಕ್ಕೆ, ಬಾಲಗಳ ಆಡುವ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟರುಗಳಾದ ಸರ್ವೊಗಳನ್ನು ಮರೆಯುವವರೇ ಹೆಚ್ಚು. 9 ಗ್ರಾಂ ಸರ್ವೊದ ಹಲ್ಲುಚಕ್ರಗಳು ಸಾಮಾನ್ಯವಾಗಿ ಪ್ಲಾಸ್ಟಿಕ್‌ನವು. ಎಲೆರಾನ್ (ರೆಕ್ಕೆಯ ಹಿಂದಂಚಿನ ಆಡುವ ಪಟ್ಟಿ) ನೆಲಕ್ಕೆ ತಾಗಿ ತಿರುಚಿದಾಗ ಒಂದು ಹಲ್ಲು ಮುರಿದರೂ ಮೇಜಿನ ಮೇಲೆ ಅದು ಕೆಲಸ ಮಾಡುತ್ತಲೇ ಇರುತ್ತದೆ. ಟ್ರಾನ್ಸ್‌ಮಿಟರಿನ ಸ್ಟಿಕ್ ನಿಧಾನ ಆಡಿಸುತ್ತ ಎಲೆರಾನಿಗೆ ಬೆರಳಿನಿಂದ ಹಗುರ ಒತ್ತಡ ಕೊಡಿ. ಒಂದೇ ಜಾಗದಲ್ಲಿ ಟಕ್ ಎಂದು ಜಿಗಿದರೆ ಸರ್ವೊ ಬದಲಿಸಿ.

ಅಂಟು ಒಣಗಿದ ಮೇಲೆ ಅಳತೆ. ಎರಡೂ ರೆಕ್ಕೆತುದಿಗಳಿಂದ ಬಾಲದ ನಡುವಿಗೆ ದಾರ ಹಿಡಿದು ನೋಡಿ, ಒಂದು ಮೀಟರ್ ರೆಕ್ಕೆಗೆ ವ್ಯತ್ಯಾಸ 3 ಮಿ.ಮೀ. ಮೀರದಿರಲಿ. ಆಮೇಲೆ ಗುರುತ್ವ ಕೇಂದ್ರ: ತಯಾರಕರ ಗುರುತು ಇಲ್ಲದಿದ್ದರೆ ರೆಕ್ಕೆಯ ಮುಂದಂಚಿನಿಂದ ಅಗಲದ ಶೇ 25–30ರಲ್ಲಿ, ಅಂದರೆ 20 ಸೆಂ.ಮೀ. ಅಗಲದ ರೆಕ್ಕೆಗೆ 5ರಿಂದ 6 ಸೆಂ.ಮೀ. ಹಿಂದೆ. ಬಾಲದಲ್ಲಿ ಧಾರಾಳವಾಗಿ ಎಪಾಕ್ಸಿ ಸುರಿದದ್ದರ ಲೆಕ್ಕ ಇಲ್ಲಿ ತೀರಬೇಕು. ಕೇಂದ್ರದಿಂದ 60 ಸೆಂ.ಮೀ. ಹಿಂದೆ ಸೇರಿದ 10 ಗ್ರಾಂ ಅಂಟಿಗೆ, 20 ಸೆಂ.ಮೀ. ಮುಂದೆ 30 ಗ್ರಾಂ ಸೀಸ ಬೇಕು. ಸೀಸ ಹಾಕುವ ಮೊದಲು ಬ್ಯಾಟರಿಯನ್ನೇ ಮುಂದೆ ಸರಿಸಿ ನೋಡಿ.

ಹಾರಿಸುವ ಜಾಗಕ್ಕೆ ಡಿಜಿಟಲ್ ಸ್ಕೈ ನಕ್ಷೆ (ಡ್ರೋನ್‌ಗಳನ್ನು ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರಿ ನಕ್ಷೆ) ನೋಡಿಕೊಳ್ಳಿ. ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಿದೆ, ಬಯಲು ಕಂಡಲ್ಲೆಲ್ಲ ಹಾರಿಸುವಂತಿಲ್ಲ. ಹೊರಡುವ ಮುನ್ನ ಟ್ರಾನ್ಸ್‌ಮಿಟರಿನ ರೇಂಜ್ ಪರೀಕ್ಷೆಯ ಮೋಡಿನಲ್ಲಿ (ಅದರಲ್ಲಿ ಸಿಗ್ನಲ್ ಬೇಕೆಂದೇ ತಗ್ಗಿರುತ್ತದೆ) ಮೂವತ್ತು ಹೆಜ್ಜೆ ದೂರ ಹೋಗಿ ಎಲ್ಲ ಚಲನೆ ನೋಡಿ. ಸ್ಟಿಕ್ ಬಲಕ್ಕೆ ತಳ್ಳಿದರೆ ಬಲ ಎಲೆರಾನ್ ಮೇಲೇಳಬೇಕು. ಒಬ್ಬರು ವಿಮಾನವನ್ನು ಹಿಂದಿನಿಂದ ಗಟ್ಟಿ ಹಿಡಿದುಕೊಳ್ಳಲಿ, ಪೂರ್ತಿ ಥ್ರಾಟಲ್‌ನಲ್ಲಿ ಅರ್ಧ ನಿಮಿಷ ಓಡಿಸಿ.

ಮೊದಲ ಹಾರಾಟ ಗಾಳಿ ಏಳುವ ಮೊದಲು, ಬೆಳಗ್ಗೆಯೇ. ಮೂರು ನಿಮಿಷ ಸಾಕು. ಇಳಿಸಿದ ಕೂಡಲೇ ರೆಕ್ಕೆಯ ಮೇಲ್ಮೈಯ ಟೇಪನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬೆಸುಗೆಯ ಮೇಲೆ ಅಡ್ಡಡ್ಡ ಸುಕ್ಕು ಮೂಡಿದ್ದರೆ ಒಳಗಿನ ಕಡ್ಡಿ ಅಂಟಿನಿಂದ ಬಿಟ್ಟುಕೊಂಡಿದೆ, ಅದನ್ನು ಮತ್ತೆ ಬಿಚ್ಚಿ ಕೂರಿಸಬೇಕು.